ಬೀದಿ ತಿಂಡಿ, ವಲಸೆ, ಗುರುತು: ತಿಂಡಿ ಬೀದಿಗಳ ಅಧ್ಯಯನಕ್ಕೆ ಇಳಿದವರು ಪದೇ ಪದೇ ಕೇಳುವ ಪ್ರಶ್ನೆಗಳು

ಎಂ.ಎ. ಪ್ರಬಂಧ ಬರೆಯುವವರು, ಪತ್ರಿಕೆಗೆ ಲೇಖನ ಮಾಡುವವರು, ಬೀದಿ ವ್ಯಾಪಾರಿಗಳ ಸಂಘಗಳ ಜೊತೆ ಓಡಾಡುವವರು ಮಾತಿನಲ್ಲಿ, ಪತ್ರದಲ್ಲಿ ಕೇಳುತ್ತ ಬಂದ ಪ್ರಶ್ನೆಗಳಿವು. ಉದಾಹರಣೆಗಳು ಹೆಚ್ಚಾಗಿ ಬೆಂಗಳೂರಿನವು. ಅಗತ್ಯ ಬಿದ್ದ ಕಡೆ ಬೇರೆ ಊರುಗಳೂ ಬಂದಿವೆ.

## ಶುರು ಮಾಡುವ ಮುಂಚೆ

ಬೀದಿ ತಿಂಡಿ ತಿನ್ನೋದೂ ಒಂದು ಸಂಶೋಧನೆನಾ? ಅದರಲ್ಲಿ ಹುಡುಕೋಕೆ ಏನಿದೆ?

ಧಾರವಾಡ ಪೇಡೆಗೆ ಇವತ್ತು ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ, ಊರಿನ ಹೆಸರೇ ಅದರ ಹೆಸರು. ಅದನ್ನು ಧಾರವಾಡಕ್ಕೆ ತಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ ಪ್ಲೇಗಿಗೆ ಹೆದರಿ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನ. ದಾವಣಗೆರೆ ಬೆಣ್ಣೆದೋಸೆಯ ಮೂಲ ಕೇಳಿದರೆ, 1928ರಲ್ಲಿ ಬೆಳಗಾವಿ ಜಿಲ್ಲೆಯ ಬಿಡಕಿಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮನವರ ಹೆಸರು ಹೇಳುತ್ತಾರೆ. ಚೆನ್ನೈನ ಬೀಚ್ ಸ್ಟೇಷನ್ ಹತ್ತಿರ ಬರ್ಮಾ ಬಜಾರಿನ ಸುತ್ತ ಸಿಗುವ ಅತ್ತೋ ನೂಡಲ್ಸ್, 1960ರ ದಶಕದಲ್ಲಿ ಬರ್ಮಾ ಬಿಡಬೇಕಾಗಿ ಬಂದ ತಮಿಳರ ಜೊತೆ ಬಂತು. ಮುಂಬಯಿಯಲ್ಲಿ ಇಡ್ಲಿ, ದೋಸೆ ಮನೆಮಾತಾಗಿದ್ದರೆ ಅದರಲ್ಲಿ ಹೊಟ್ಟೆಪಾಡಿಗೆ ಅಲ್ಲಿಗೆ ಹೋದ ಉಡುಪಿ, ದಕ್ಷಿಣ ಕನ್ನಡದವರ ಪಾಲು ದೊಡ್ಡದು.

ಹೊರಗಿನಿಂದ ಬಂದದ್ದು ಯಾವಾಗ, ಯಾರ ಕೈಯಲ್ಲಿ 'ನಮ್ಮೂರಿನದು' ಆಗುತ್ತದೆ? ಹುಡುಕಬೇಕಾದದ್ದು ಇದನ್ನು. ರುಚಿಯ ವರ್ಣನೆ ಬರೆಯುವವರು ಈಗಾಗಲೇ ಬೇಕಾದಷ್ಟು ಜನ ಇದ್ದಾರೆ.

ಯಾವ ಬೀದಿ ಆರಿಸ್ಕೊಳ್ಳಲಿ? ವಿ.ವಿ. ಪುರಂ ತಿಂಡಿ ಬೀದಿ ಒಂದೇ ಸಾಕಾಗಲ್ವಾ?

ಸಾಕಾಗುವುದಿಲ್ಲ. ಸಜ್ಜನ್ ರಾವ್ ಸರ್ಕಲ್ ಪಕ್ಕದ ಆ ಬೀದಿ ಹೆಸರುವಾಸಿ. ಅಲ್ಲಿನವರಿಗೆ ಕ್ಯಾಮೆರಾ, ಪ್ರಶ್ನೆ ಎರಡೂ ರೂಢಿಯಾಗಿವೆ, ಉತ್ತರಗಳೂ ಸಿದ್ಧವಾಗಿರುತ್ತವೆ. ಅದನ್ನು ಇಟ್ಟುಕೊಳ್ಳಿ, ಜೊತೆಗೆ ಹೆಸರಿಲ್ಲದ ಇನ್ನೊಂದು ಜಾಗ ಹಿಡಿಯಿರಿ: ಕಟ್ಟಡ ಕಾರ್ಮಿಕರ ಶೆಡ್ಡುಗಳಿರುವ ರಸ್ತೆ, ಗಾರ್ಮೆಂಟ್ಸ್ ಕಾರ್ಖಾನೆಯ ಗೇಟು, ಟೆಕ್ ಪಾರ್ಕಿನ ಹಿಂಬಾಗಿಲು. ವಲಸೆ ಬಂದವರೇ ಮಾರಿ ವಲಸೆ ಬಂದವರೇ ತಿನ್ನುವ ತಿಂಡಿ ಸಿಗುವುದು ಇಂಥಲ್ಲಿ.

ಮೂರನೆಯದಾಗಿ, ಆಗಾಗ ಹುಟ್ಟಿ ಮಾಯವಾಗುವ ಮಾರುಕಟ್ಟೆ. ಕಡೇ ಕಾರ್ತಿಕ ಸೋಮವಾರದ ಬಸವನಗುಡಿ ಕಡಲೆಕಾಯಿ ಪರಿಷೆ, ರಂಜಾನ್ ತಿಂಗಳ ಶಿವಾಜಿನಗರ, ಜನವರಿಯ ಅವರೆಬೇಳೆ ಮೇಳ ಈ ಜಾತಿಯವು. ಒಬ್ಬರೇ ಕೆಲಸ ಮಾಡುವುದಾದರೆ 400–500 ಮೀಟರ್ ಉದ್ದದ ಎರಡು ತುಂಡು ರಸ್ತೆ ಸಾಕು. ಅದಕ್ಕಿಂತ ಜಾಸ್ತಿ ಹಿಡಿದರೆ ಯಾರ ಪರಿಚಯವೂ ಗಟ್ಟಿಯಾಗುವುದಿಲ್ಲ.

ಎಷ್ಟು ದಿನ ಬೇಕು? ನಾಲ್ಕು ಭಾನುವಾರ ಹೋದ್ರೆ ಆಗುತ್ತಾ?

ಭಾನುವಾರ ಮಾತ್ರ ಹೋದರೆ ಭಾನುವಾರದ ಬೀದಿ ಮಾತ್ರ ಕಾಣುತ್ತದೆ. ಸಂಬಳದ ವಾರಕ್ಕೂ ತಿಂಗಳ ಕೊನೆಗೂ ವ್ಯಾಪಾರ ಬೇರೆ. ಶ್ರಾವಣದಲ್ಲಿ ಕಬಾಬ್, ಆಮ್ಲೆಟ್ ಗಾಡಿಗಳು ಸೊರಗುತ್ತವೆ. ಅಯ್ಯಪ್ಪ ಮಾಲೆಯ ಕಾಲದಲ್ಲೂ ಹಾಗೇ. ದೀಪಾವಳಿ ಆದಮೇಲೆ ಛಠ್‌ಗೆ ಬಿಹಾರದವರು, ಹೋಳಿ ಹಬ್ಬಕ್ಕೆ ಉತ್ತರ ಪ್ರದೇಶದವರು, ಚುನಾವಣೆ ಬಂದರೆ ಹಲವರು ಊರಿಗೆ ಹೊರಡುತ್ತಾರೆ. ಆಗ ಗಾಡಿ ಯಾರ ಕೈಗೆ ಹೋಗುತ್ತದೆ ಅನ್ನುವುದನ್ನು ನೋಡಿಟ್ಟುಕೊಂಡರೆ ಬಂಧುತ್ವದ ಇಡೀ ಜಾಲ ಗೊತ್ತಾಗುತ್ತದೆ. ಕನಿಷ್ಠ ಆರು ತಿಂಗಳು, ಅದರಲ್ಲಿ ಒಂದಾದರೂ ದೊಡ್ಡ ಹಬ್ಬ ಇರಲಿ.

## ಬೀದಿಗೆ ಇಳಿದ ಮೇಲೆ

ಗಾಡಿ ಎಣಿಸೋದು ಹೇಗೆ? ಒಂದೊಂದು ಸಲ ಒಂದೊಂದು ಲೆಕ್ಕ ಬರುತ್ತೆ.

ಬರಲೇಬೇಕು, ಏಕೆಂದರೆ ಒಂದೇ ಜಾಗ ದಿನಕ್ಕೆ ಮೂರು ಜನರದ್ದು. ಬೆಳಗ್ಗೆ ಇಡ್ಲಿ, ಮಧ್ಯಾಹ್ನ ಚಿತ್ರಾನ್ನ, ಸಂಜೆ ಗೋಬಿ. ಅಹಮದಾಬಾದಿನ ಮಾಣೆಕ್ ಚೌಕ್ ಇದಕ್ಕೆ ದೊಡ್ಡ ಮಾದರಿ: ಹೊತ್ತಾರೆ ದನದ ಮೇವು, ಹಗಲು ಚಿನ್ನಬೆಳ್ಳಿ, ರಾತ್ರಿ ತಿಂಡಿ. ಇಂದೋರಿನ ಸರಾಫಾದಲ್ಲೂ ಒಡವೆ ಅಂಗಡಿಗಳ ಬಾಗಿಲು ಬಿದ್ದ ಮೇಲೆಯೇ ಒಲೆ ಹೊತ್ತುವುದು.

ಹಾಗಾಗಿ ಒಂದೇ ದಾರಿ, ಪ್ರತಿ ಸಲವೂ ಒಂದೇ ತುದಿಯಿಂದ ಶುರು, ಮೂರು ಹೊತ್ತು: ಬೆಳಗ್ಗೆ 7–9, ಮಧ್ಯಾಹ್ನ 12–2, ಸಂಜೆ 6–9. ವಾರದ ದಿನ ಒಂದು, ಭಾನುವಾರ ಒಂದು. ರಸ್ತೆಯ ಎಡಬಲವನ್ನು ಒಟ್ಟಿಗೆ ಎಣಿಸಬೇಡಿ. ಹೋಗುವಾಗ ಎಡಬದಿ, ಬರುವಾಗ ಇನ್ನೊಂದು ಬದಿ. ಪ್ರತಿ ಘಟಕಕ್ಕೂ ಆರು ಸಂಗತಿ ಬರೆದರೆ ಸಾಕು: ತಳ್ಳುಗಾಡಿಯೋ ಬುಟ್ಟಿಯೋ ಟೆಂಪೊವೋ, ಏನು ಮಾರುತ್ತಾರೆ, ಎಷ್ಟು ಕೈ ಕೆಲಸ ಮಾಡುತ್ತಿವೆ, ಬೋರ್ಡಿನ ಭಾಷೆ, ಒಲೆ ಯಾವುದು, ಕ್ಯೂಆರ್ ಕೋಡ್‌ನಲ್ಲಿ ಬರುವ ಹೆಸರು ಗಾಡಿಯವರದ್ದೋ ಬೇರೆಯವರದ್ದೋ. ಕೊನೆಯದು ಚಿಕ್ಕ ವಿಷಯ, ಆದರೆ ದುಡ್ಡು ಯಾರ ಖಾತೆಗೆ ಹೋಗುತ್ತದೆ ಅನ್ನುವ ಸುಳಿವು ಅಲ್ಲೇ ಸಿಗುತ್ತದೆ. ಆ ಹೆಸರನ್ನು ಮಾತ್ರ ನೋಟ್‌ಬುಕ್ಕಿನಲ್ಲಿ ಬರೆಯಬೇಡಿ, 'ಅವರದೇ', 'ಬೇರೆ' ಅಂತಷ್ಟೇ ಬರೆಯಿರಿ.

ಎಣಿಕೆ ತಪ್ಪುವುದು ಎರಡು ಕಡೆ. ಸೈಕಲ್ ಮೇಲೆ ಫ್ಲಾಸ್ಕ್ ಇಟ್ಟು ಚಹಾ ಮಾರುವವರು ಎರಡೆರಡು ಸಲ ಲೆಕ್ಕಕ್ಕೆ ಬರುತ್ತಾರೆ. ಎತ್ತಂಗಡಿಯ ಸುದ್ದಿ ಬಂದ ದಿನ ಅರ್ಧ ಗಾಡಿಗಳು ಅಡ್ಡರಸ್ತೆಯಲ್ಲಿರುತ್ತವೆ. ಆ ದಿನದ ಲೆಕ್ಕವನ್ನು ಎಸೆಯದೆ ಬೇರೆಯಾಗಿ ಇಟ್ಟುಕೊಳ್ಳಿ.

'ಯಾವ ಊರು ನಿಮ್ದು?' ಅಂದ ತಕ್ಷಣ ಮುಖ ಗಂಟು ಹಾಕ್ಕೋತಾರೆ. ತಪ್ಪಾಗಿ ಕೇಳ್ತಿದ್ದೀನಾ?

ತಪ್ಪು ಹೊತ್ತಿನಲ್ಲಿ ಕೇಳುತ್ತಿದ್ದೀರಿ. ಆ ಪ್ರಶ್ನೆಯನ್ನು ಅವರಿಗೆ ಮೊದಲು ಕೇಳಿದವರು ಪೊಲೀಸರು, ಆಮೇಲೆ ಮನೆ ಮಾಲೀಕರು. ಬಂಗಾಳಿ ಮಾತಾಡುವ ಮುಸ್ಲಿಂ ವ್ಯಾಪಾರಿಗೆ ಅದು ಬರೀ ಕುಶಲ ಪ್ರಶ್ನೆಯಾಗಿ ಕೇಳಿಸುವುದೇ ಇಲ್ಲ.

ಕೆಲಸದಿಂದ ಶುರು ಮಾಡಿ. 'ಪುರಿ ನೀವೇ ಕರೀತೀರಾ, ತರಿಸ್ತೀರಾ?', 'ಈ ಹೆಂಚು ಎಲ್ಲಿ ಸಿಕ್ತು?', 'ಮೊದಲು ಕೈ ಹಿಡಿದು ಕಲಿಸಿದವರು ಯಾರು?' ಈ ಮೂರನೆಯದಕ್ಕೆ ಉತ್ತರ ಕೊಡುವಾಗ ಊರು, ಮಾವ, ರೈಲು ಎಲ್ಲ ತಾನಾಗಿ ಬರುತ್ತದೆ. ಹೊತ್ತು ಮಧ್ಯಾಹ್ನ 3ರಿಂದ 5. ಈರುಳ್ಳಿ ಹೆಚ್ಚುತ್ತ, ಆಲೂಗಡ್ಡೆ ಸುಲಿಯುತ್ತ ಕೂತಿರುತ್ತಾರೆ, ಕೈಗೆ ಕೆಲಸವಿದ್ದರೂ ಬಾಯಿಗೆ ಬಿಡುವಿರುತ್ತದೆ. ಸಂಜೆ ಏಳಕ್ಕೆ ಗಿರಾಕಿಗಳ ನಡುವೆ ನಿಂತು ಮಾತಾಡಿಸಿದರೆ ವ್ಯಾಪಾರ ಕೆಡಿಸಿದ ಹಾಗೆ. ತಿಂದದ್ದಕ್ಕೆ ದುಡ್ಡು ಕೊಡಿ, 'ಇರ್ಲಿ ಬಿಡಿ ಸಾರ್' ಅಂದರೂ ಕೊಡಿ.

ಬಿಹಾರದವರ ಜೊತೆ ಹಿಂದಿ ಸಾಕಲ್ವಾ?

ವ್ಯವಹಾರಕ್ಕೆ ಸಾಕು. ಮನೆ, ಸಾಲ, ಜಗಳದ ಮಾತು ಭೋಜ್‌ಪುರಿಯಲ್ಲೋ ಮೈಥಿಲಿಯಲ್ಲೋ ಮಗಹಿಯಲ್ಲೋ ನಡೆಯುತ್ತದೆ. ದುಭಾಷಿ ಬೇಕಾದರೆ ಗಾಡಿಯ ಮಾಲೀಕರನ್ನೋ ಮೇಸ್ತ್ರಿಯನ್ನೋ ಕರೆದುಕೊಳ್ಳಬೇಡಿ, ಅವರ ಮುಂದೆ ಕೂಲಿಯ ವಿಷಯ ಬಾಯಿಗೆ ಬರುವುದಿಲ್ಲ. ಎಷ್ಟೋ ಜನ ಎರಡು ಮೂರು ವರ್ಷದಲ್ಲಿ ಚೆನ್ನಾಗಿ ಕನ್ನಡ ಕಲಿತಿರುತ್ತಾರೆ. ಮೊದಲು ಕನ್ನಡದಲ್ಲೇ ಮಾತಾಡಿಸಿ ನೋಡಿ.

ದಿನದ ಸಂಪಾದನೆ ಕೇಳಿದ್ರೆ ಯಾರೂ ನಿಜ ಹೇಳಲ್ಲ.

ಸಂಪಾದನೆ ಕೇಳಬೇಡಿ, ಸಾಮಾನು ಕೇಳಿ. ಲೆಕ್ಕದ ಮಾದರಿ ನೋಡಿ: ಪಾನಿಪುರಿ ಗಾಡಿಗೆ ದಿನಕ್ಕೆ 800 ಪುರಿ ಬರುತ್ತದೆ ಅನ್ನೋಣ. ಒಡೆದದ್ದು, ಮೆತ್ತಗಾದದ್ದು 80 ಹೋದರೆ 720. ಪ್ಲೇಟಿಗೆ ಆರರಂತೆ 120 ಪ್ಲೇಟು, 30 ರೂಪಾಯಿಯಂತೆ 3,600. ಆದರೆ ಕೊನೆಗೆ ಪುಕ್ಕಟೆ ಕೊಡುವ ಸುಕ್ಕಾ ಪುರಿ ಸೇರಿಸಿದರೆ ಪ್ಲೇಟಿಗೆ ಏಳು. ಆಗ ಸುಮಾರು 103 ಪ್ಲೇಟು, 3,090 ರೂಪಾಯಿ. ಒಂದು ಪುರಿ ಮರೆತದ್ದಕ್ಕೆ ಐನೂರು ರೂಪಾಯಿ ವ್ಯತ್ಯಾಸ! ಇದರಿಂದ ಪುರಿ, ಆಲೂಗಡ್ಡೆ, ಬಟಾಣಿ, ಗ್ಯಾಸು, ಗಾಡಿ ಬಾಡಿಗೆ, ರಾತ್ರಿ ಗಾಡಿ ನಿಲ್ಲಿಸುವ ಜಾಗದ ದುಡ್ಡು, ಸಹಾಯಕ್ಕಿರುವ ಹುಡುಗನ ಕೂಲಿ ಕಳೆಯಬೇಕು. ಮಳೆ ಬಂದ ದಿನ ಎಷ್ಟು ಮಿಗುತ್ತದೆ ಅಂತಲೂ ಕೇಳಿ.

ಸಾಲವನ್ನು ಬಿಟ್ಟು ಲೆಕ್ಕ ಮುಗಿಯದು. ಕೈಗೆ 9,000 ಕೊಟ್ಟು ದಿನಕ್ಕೆ 100ರಂತೆ ನೂರು ದಿನ ಕಟ್ಟಿಸಿಕೊಳ್ಳುವಂಥ ವ್ಯವಹಾರದಲ್ಲಿ ಬಡ್ಡಿ ಬರೀ ಸಾವಿರ ರೂಪಾಯಿ ಅನ್ನಿಸುತ್ತದೆ. ಅಸಲು ದಿನದಿನವೂ ಕರಗುವುದರಿಂದ ವರ್ಷದ ಲೆಕ್ಕಕ್ಕೆ ಅದು ಶೇ 75–80ರ ಆಸುಪಾಸು ಬೀಳುತ್ತದೆ. 2020ರ ಜೂನ್‌ನಲ್ಲಿ ಶುರುವಾದ, ಬೀದಿ ವ್ಯಾಪಾರಿಗಳಿಗೆ ಸಾಲ ಕೊಡಿಸುವ ಕೇಂದ್ರ ಸರ್ಕಾರದ ಯೋಜನೆ ಪಿಎಂ ಸ್ವನಿಧಿಯಲ್ಲಿ ಮೊದಲ ಕಂತು 10,000 ಇತ್ತು, 2025ರಲ್ಲಿ 15,000ಕ್ಕೆ ಏರಿತು; ಸರಿಯಾಗಿ ಕಟ್ಟಿದವರಿಗೆ ಮುಂದಿನ ಕಂತುಗಳು 25,000 ಮತ್ತು 50,000. ಅಷ್ಟು ಅಗ್ಗದ ಸಾಲ ಇದ್ದೂ ಫೈನಾನ್ಸ್‌ನವರ ಹತ್ತಿರ ಯಾಕೆ ಹೋಗುತ್ತಾರೆ ಅನ್ನುವುದಕ್ಕೆ ಉತ್ತರ ಮುಂದಿನ ಭಾಗದಲ್ಲಿದೆ.

ಮಾಮೂಲಿ ಬಗ್ಗೆ ಕೇಳಬಹುದಾ?

ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ. ಯಾರು, ಎಷ್ಟು, ಯಾವ ದಿನ ಅನ್ನುವುದನ್ನು ಬೀದಿಯ ಹೆಸರಿನ ಜೊತೆ ಎಲ್ಲೂ ಬರೆದಿಡಬೇಡಿ. ನೋಟ್‌ಬುಕ್ಕು ಕಳೆದುಹೋದರೆ ಪಾಡು ಪಡುವವರು ನೀವಲ್ಲ.

## ಕಾಗದ, ಕಾನೂನು, ಅಂಕಿಅಂಶ

ಎಷ್ಟು ಜನ ವಲಸೆ ಬಂದಿದ್ದಾರೆ ಅನ್ನೋ ಲೆಕ್ಕ ಎಲ್ಲಿ ಸಿಗುತ್ತೆ?

ಜನಗಣತಿಯ ಡಿ ಸರಣಿಯ ಕೋಷ್ಟಕಗಳಲ್ಲಿ. ಎಲ್ಲಿಂದ ಬಂದರು, ಯಾಕೆ ಬಂದರು, ಬಂದು ಎಷ್ಟು ವರ್ಷವಾಯಿತು ಎಂಬುದೆಲ್ಲ ಅಲ್ಲಿದೆ. ಇತ್ತೀಚಿನದು 2011ರದ್ದು, ಅಂದರೆ ಹಳತು. ಮುಂದಿನ ಗಣತಿ 2027ಕ್ಕೆ. ನಡುವಿನ ಕಾಲಕ್ಕೆ ರಾಷ್ಟ್ರೀಯ ಮಾದರಿ ಸಮೀಕ್ಷೆ ಇದೆ. 2020–21ರ ಕಾರ್ಮಿಕ ಬಲ ಸಮೀಕ್ಷೆ ದೇಶದ ವಲಸೆ ಪ್ರಮಾಣವನ್ನು ಶೇ 28.9 ಅನ್ನುತ್ತದೆ. ಇದನ್ನು ನೋಡಿ ದಂಗಾಗಬೇಡಿ, ಮದುವೆಯಾಗಿ ಪಕ್ಕದೂರಿಗೆ ಹೋದ ಹೆಣ್ಣುಮಕ್ಕಳೇ ಅದರಲ್ಲಿ ಬಹುಪಾಲು. 'ಕೆಲಸಕ್ಕಾಗಿ' ಎಂಬ ಕಾರಣವನ್ನು ಬೇರ್ಪಡಿಸಿ ನೋಡದಿದ್ದರೆ ಈ ಅಂಕಿಯಿಂದ ಪ್ರಯೋಜನವಿಲ್ಲ.

ಸುಗ್ಗಿ ಮುಗಿಸಿ ಕಲಬುರಗಿಯಿಂದ ಬಂದು ನಾಲ್ಕು ತಿಂಗಳು ಮೆಕ್ಕೆಜೋಳ ಸುಟ್ಟು ಮಾರಿ ವಾಪಸಾಗುವವರು ಗಣತಿಯಲ್ಲಿ ವಲಸಿಗರಾಗಿ ಕಾಣುವುದು ಅಪರೂಪ. 2007–08ರ 64ನೇ ಸುತ್ತಿನ ಮಾದರಿ ಸಮೀಕ್ಷೆ ಒಂದು ತಿಂಗಳಿಂದ ಆರು ತಿಂಗಳವರೆಗೆ ಕೆಲಸಕ್ಕೆ ಊರು ಬಿಟ್ಟವರನ್ನು ಪ್ರತ್ಯೇಕವಾಗಿ ಕೇಳಿತ್ತು. ಹಳೆಯದಾದರೂ ಅದನ್ನು ಬಿಡಬೇಡಿ. ಭಾಷೆಗೆ ಸಿ-16 ಕೋಷ್ಟಕ ನೋಡಿ. 'ಹಿಂದಿ' ಅನ್ನುವ ಒಟ್ಟು ಸಂಖ್ಯೆಯೊಳಗೆ ಭೋಜ್‌ಪುರಿ, ಮಗಹಿ ಸೇರಿಕೊಂಡಿರುತ್ತವೆ, ಕೆಳಗಿನ ಸಾಲುಗಳಲ್ಲಿ ಬೇರೆ ಬೇರೆಯಾಗಿ ಸಿಗುತ್ತವೆ. ಮೈಥಿಲಿ ಮಾತ್ರ ಸ್ವತಂತ್ರ ಭಾಷೆಯಾಗಿಯೇ ಇದೆ.

ಕಾನೂನಿನ ಪ್ರಕಾರ ಇವರಿಗೆ ಬೀದಿಯಲ್ಲಿ ಮಾರೋ ಹಕ್ಕಿದೆಯಾ?

ಇದೆ. 1989ರ ಸೋದನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬೀದಿ ವ್ಯಾಪಾರವನ್ನು ಸಂವಿಧಾನದ 19(1)(ಜಿ) ವಿಧಿಯ ಕೆಳಗೆ ಬರುವ ಹಕ್ಕೆಂದು ಒಪ್ಪಿತು, ಸಮಂಜಸ ನಿರ್ಬಂಧಗಳಿಗೆ ಒಳಪಟ್ಟು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಬಂದ ಮೇಲೆ ಪ್ರತಿ ಊರಿಗೂ ಪಟ್ಟಣ ಮಾರಾಟ ಸಮಿತಿ ಇರಬೇಕು, ಅದರಲ್ಲಿ ಕನಿಷ್ಠ ಶೇ 40 ವ್ಯಾಪಾರಿಗಳೇ, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಕಾಗದದ ಮೇಲೆ ಇಷ್ಟಿದೆ.

ವಲಸೆಯ ಅಧ್ಯಯನಕ್ಕೆ ಮುಖ್ಯವಾದ ಷರತ್ತು ಬೇರೆಯದು. ಪ್ರಮಾಣಪತ್ರ ಪಡೆದವರು ತಾವೇ ಅಥವಾ ಮನೆಯವರ ಮೂಲಕ ವ್ಯಾಪಾರ ಮಾಡಬೇಕು, ಅದನ್ನು ಬಾಡಿಗೆಗೆ ಕೊಡುವಂತಿಲ್ಲ. ಬೀದಿಯಲ್ಲಿ ನಡೆಯುವುದು ಎಷ್ಟೋ ಸಲ ಅದೇ: ಜಾಗ ಒಬ್ಬರದ್ದು, ಗಾಡಿ ಇನ್ನೊಬ್ಬರದ್ದು, ಕೈ ಮೂರನೆಯವರದ್ದು. ಸಮೀಕ್ಷೆಯವರು ಬಂದಾಗ ಹೆಸರು ಬರೆಸುವುದು ಮೊದಲಿನವರು. ಬಾಡಿಗೆ ಗಾಡಿಯ ವಲಸಿಗರಿಗೆ ಗುರುತಿನ ಚೀಟಿ ಇಲ್ಲ, ಚೀಟಿ ಇಲ್ಲದ್ದಕ್ಕೆ ಸ್ವನಿಧಿ ಸಾಲ ಕಷ್ಟ, ಹಾಗಾಗಿ ನೂರು ದಿನದ ಫೈನಾನ್ಸ್.

ಮಾಹಿತಿ ಹಕ್ಕಿನಲ್ಲಿ ಕೇಳಬೇಕಾದದ್ದು ಎರಡು: ಸಮಿತಿಯ ಸಭಾ ನಡಾವಳಿ ಮತ್ತು ವಾರ್ಡುವಾರು ವ್ಯಾಪಾರಿಗಳ ಸಂಖ್ಯೆ (ಹೆಸರು ಬೇಡ). ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ. ಹಳೆಯ ವಾರ್ಡಿನ ಹೆಸರು ಬರೆದರೆ ಅರ್ಜಿ ಕಚೇರಿಯಿಂದ ಕಚೇರಿಗೆ ಅಲೆಯುತ್ತದೆ. ಹಳೆ, ಹೊಸ ವಾರ್ಡು ಎರಡನ್ನೂ ಬರೆಯಿರಿ, ಗಡಿ ರಸ್ತೆಗಳ ಹೆಸರು ಸೇರಿಸಿ.

## ಗುರುತಿನ ಪ್ರಶ್ನೆಗಳು

ಬೋರ್ಡ್ ಮೇಲೆ 'ದಾವಣಗೆರೆ ಬೆಣ್ಣೆದೋಸೆ', ಹುಯ್ಯೋ ಹುಡುಗ ಒಡಿಶಾದವನು. ಇದನ್ನ ಯಾರ ತಿಂಡಿ ಅಂತ ಬರೀಲಿ?

ಒಬ್ಬರ ಹೆಸರಿಗೆ ಬರೆಯಲೇಬೇಕು ಅನ್ನುವ ಹಟ ಬಿಟ್ಟರೆ ಕೆಲಸ ಸುಲಭ. ಪಾಕ ಎಲ್ಲಿಯದು, ಬಂಡವಾಳ ಯಾರದ್ದು, ಕೈ ಯಾರದ್ದು, ಸಾಮಾನು ಎಲ್ಲಿಂದ, ತಿನ್ನುವವರು ಯಾರು – ಇವನ್ನು ಬೇರೆ ಬೇರೆ ಕೇಳಿ. ಐದಕ್ಕೂ ಒಂದೇ ಊರು ಉತ್ತರವಾಗಿ ಬರುವ ಗಾಡಿ ದೊಡ್ಡ ನಗರದಲ್ಲಿ ಸಿಕ್ಕರೆ ಅದೇ ವಿಶೇಷ.

ಆಮೇಲೆ ರುಚಿಯನ್ನು ತೀರ್ಮಾನಿಸುವವರು ಯಾರು ಅಂತ ನೋಡಿ. ಉತ್ತರ ಪ್ರದೇಶದಿಂದ ಬಂದು ಚಾಟ್ಸ್ ಗಾಡಿ ಇಟ್ಟವರು ಪಾನಿಪುರಿಯನ್ನು ಊರಿಂದಲೇ ಕಲಿತು ಬಂದಿರುತ್ತಾರೆ. ಮಸಾಲ ಪುರಿಯನ್ನು ಮಾತ್ರ ಇಲ್ಲೇ ಕಲಿಯಬೇಕು, ಬೆಂಗಳೂರು, ಮೈಸೂರಿನ ಗಿರಾಕಿ ಅದನ್ನು ಕೇಳದೆ ಬಿಡುವುದಿಲ್ಲ. ಗಾಡಿಯ ಒಂದು ಮೂಲೆಯಲ್ಲಿ ಬಟಾಣಿ ಮಸಾಲೆ ಸಣ್ಣ ಉರಿಯಲ್ಲಿ ಗೊಳಗೊಳ ಅನ್ನುತ್ತಿರುತ್ತದೆ. ಪುರಿಯನ್ನು ಬೆರಳಲ್ಲಿ ಒತ್ತಿ ಪುಡಿ ಮಾಡಿ, ಬಿಸಿ ಮಸಾಲೆ ಸುರಿದು, ಮೇಲೆ ಈರುಳ್ಳಿ, ಕ್ಯಾರೆಟ್ ತುರಿ, ಸೇವು, ಕೊತ್ತಂಬರಿ. ಆ ಮಸಾಲೆಗೆ ಚಕ್ಕೆ, ಲವಂಗ, ಪುದೀನ ಎಷ್ಟು ಅಂತ ಕಲಿಸಿದ್ದು ಯಾರು? ಹಿಂದಿನ ಮಾಲೀಕರೋ, ಪಕ್ಕದ ಗಾಡಿಯವರೋ, 'ಖಾರ ಸಾಲ್ದು ಭಯ್ಯಾ' ಅಂತ ದಿನಾ ದೂರಿದ ಗಿರಾಕಿಗಳೋ? ಒಂದೇ ಗಾಡಿಯ ಎರಡು ತಿಂಡಿಗೆ ಎರಡು ಗುರುಪರಂಪರೆ ಇರುವುದನ್ನು ಬರೆದಿಟ್ಟರೆ, 'ಸಂಸ್ಕೃತಿಯ ಮಿಲನ' ಅನ್ನುವ ಸವಕಲು ಮಾತು ಬೇಕಾಗುವುದಿಲ್ಲ.

ಗೋಬಿ ಮಂಚೂರಿ ಚೀನಾದ್ದಾ, ನಮ್ಮದಾ? ಮೋಮೊ?

ಮಂಚೂರಿ ಇಲ್ಲಿಯದೇ. 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಚಿಕನ್ ಮಂಚೂರಿಯನ್ ಮಾಡಿದ ಹೆಗ್ಗಳಿಕೆಯನ್ನು ಕೋಲ್ಕತ್ತದಲ್ಲಿ ಹುಟ್ಟಿದ ಚೀನೀ ಮೂಲದ ನೆಲ್ಸನ್ ವಾಂಗ್ ಅವರಿಗೆ ಕೊಡುತ್ತಾರೆ. ಮೊದಲು ಮಾಡಿದವರು ಯಾರು ಅನ್ನುವ ಜಗಳದಲ್ಲಿ ಕಾಲ ಕಳೆಯುವುದಕ್ಕಿಂತ, ಅದು ಹೂಕೋಸಿಗೆ ಇಳಿದು ಹಳ್ಳಿ ಜಾತ್ರೆಯವರೆಗೆ ಹೇಗೆ ಬಂತು ಎಂದು ಕೇಳುವುದು ಲಾಭ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಕೆಂಪು ಹೋದ ಮೇಲೆ ಗಿರಾಕಿಗಳನ್ನು ಹೇಗೆ ಉಳಿಸಿಕೊಂಡರು ಎಂದು ಕೇಳಿದರೆ ಬ್ಯಾಡಗಿ ಮೆಣಸಿನಕಾಯಿಯಿಂದ ಹಿಡಿದು ಬೀಟ್‌ರೂಟ್‌ವರೆಗೆ ಮಾತು ಹೋಗುತ್ತದೆ.

ಮೋಮೊ ವಿಷಯದಲ್ಲಿ ಅವಸರದ ತೀರ್ಮಾನ ಹೆಚ್ಚು. ಬೈಲುಕುಪ್ಪೆ, ಮುಂಡಗೋಡಗಳಲ್ಲಿ 1960ರ ದಶಕದಿಂದ ಟಿಬೆಟನ್ ನೆಲೆಗಳಿವೆ, ನಿಜ. ಆದರೆ ಇಂದಿನ ಬೆಂಗಳೂರಿನ ಮೋಮೊ ಗಾಡಿ ನೇಪಾಳದವರದ್ದೋ ಡಾರ್ಜಿಲಿಂಗಿನವರದ್ದೋ ಅಸ್ಸಾಮಿನವರದ್ದೋ ಆಗಿರಬಹುದು. ಮುಖ ನೋಡಿ ಊರು ಬರೆಯಬೇಡಿ.

ವೆಜ್ ಬೀದಿ, ನಾನ್‌ವೆಜ್ ಬೀದಿ ಅಂತ ಬೇರೆ ಬೇರೆ ಯಾಕಿದೆ? ಜಾತಿ ಧರ್ಮದ ವಿಷಯ ಕೇಳಬಹುದಾ?

ಕೇಳುವ ಮೊದಲು ನಕ್ಷೆ ಮಾಡಿ. ಮೊಟ್ಟೆ, ಮಾಂಸದ ಗಾಡಿಗಳನ್ನು ಗುರುತು ಹಾಕಿದರೆ ದೇವಸ್ಥಾನ, ಶಾಲೆ, ದೊಡ್ಡ ರಸ್ತೆಯ ಹತ್ತಿರ ಖಾಲಿ, ಒಳರಸ್ತೆ ಮತ್ತು ಬಾರಿನ ಪಕ್ಕ ದಟ್ಟ – ಹೀಗೆ ಏನಾದರೂ ಚಿತ್ರ ಮೂಡುತ್ತದೆ. ಆ ಗೆರೆ ಎಳೆದವರು ಯಾರು: ಪಾಲಿಕೆಯೋ, ನಿವಾಸಿಗಳ ಸಂಘವೋ, ಗಿರಾಕಿಗಳೋ? ಕೆಲವೊಮ್ಮೆ ಆಡಳಿತವೇ ನೇರವಾಗಿ ಎಳೆಯುತ್ತದೆ. 2021ರ ನವೆಂಬರ್‌ನಲ್ಲಿ ಅಹಮದಾಬಾದ್ ಪಾಲಿಕೆ ಮುಖ್ಯರಸ್ತೆಗಳಿಂದ ಮೊಟ್ಟೆ, ಮಾಂಸದ ಗಾಡಿಗಳನ್ನು ಎತ್ತಿಸಲು ಹೊರಟಿತು. ಡಿಸೆಂಬರ್‌ನಲ್ಲಿ ಗುಜರಾತ್ ಹೈಕೋರ್ಟ್ ಅದನ್ನು ಕಟುವಾಗಿ ಪ್ರಶ್ನಿಸಿತು.

ನೇರ ಜಾತಿ ಕೇಳಿದರೆ ಉತ್ತರ ಬಂದರೂ ಅದು ನಿಮಗಾಗಿ ತಯಾರಾದ ಉತ್ತರ. 'ಜಾಗ ಕೊಡಿಸಿದವರು ಯಾರು', 'ಮನೆ ಬಾಡಿಗೆಗೆ ಸಿಕ್ಕಿದ್ದು ಎಲ್ಲಿ', 'ಗಿರಾಕಿ ಯಾವತ್ತಾದರೂ ನಿಮ್ಮ ಹೆಸರು ಕೇಳಿದ್ದುಂಟಾ' – ಈ ಮೂರು ಅದಕ್ಕಿಂತ ಹೆಚ್ಚು ಹೇಳಿಸುತ್ತವೆ.

ಫೋಟೊ, ವಿಡಿಯೊ ತೆಗೆದ್ರೆ ತೊಂದರೆ ಏನು? ಅವರೇ ರೀಲ್ಸ್ ಮಾಡಿ ಅಂತಾರೆ.

ಪ್ರಚಾರಕ್ಕೆ ಒಪ್ಪಿದ್ದು ಸಂಶೋಧನೆಗೆ ಒಪ್ಪಿದ ಹಾಗಲ್ಲ. ಫ್ರೇಮಿನಲ್ಲಿ ಏನು ಬೀಳುತ್ತದೆ ನೋಡಿಕೊಳ್ಳಿ. ಗಾಡಿಯ ಕೆಳಗೆ 14.2 ಕೆಜಿಯ ಕೆಂಪು ಸಿಲಿಂಡರ್ ಕಂಡರೆ ಅದು ಮನೆಬಳಕೆಯದು, ವ್ಯಾಪಾರಕ್ಕೆ ಬಳಸುವುದು ಅಪರಾಧ. ಕಾನೂನಿನಂತೆ ಇರಬೇಕಾದದ್ದು 19 ಕೆಜಿಯ ವಾಣಿಜ್ಯ ಸಿಲಿಂಡರ್. ತಟ್ಟೆ ತೊಳೆಯುವ ಮಗು, ಪ್ರಮಾಣಪತ್ರದ ನಂಬರು ಕೂಡ ಹೀಗೇ ಅಪಾಯ. ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆಫ್ ಮಾಡಿ. ಕೈ, ಹೆಂಚು, ಪಾತ್ರೆ ತೆಗೆದರೆ ಸಾಮಾನ್ಯವಾಗಿ ನಿಮ್ಮ ಕೆಲಸಕ್ಕೆ ಸಾಕು.

ಅವರ ಊರಿಗೂ ಹೋಗಬೇಕಾ?

ಸಾಧ್ಯವಿದ್ದರೆ ಒಮ್ಮೆ ಹೋಗಿ, ಅವರು ಹಬ್ಬಕ್ಕೆ ಹೊರಡುವಾಗ, ಕರೆದರೆ ಮಾತ್ರ. ಒಂದೇ ಹಳ್ಳಿಯ ಹತ್ತಿಪ್ಪತ್ತು ಮನೆಯವರು ಒಂದೇ ನಗರದಲ್ಲಿ ಒಂದೇ ತಿಂಡಿ ಮಾರುವುದು ಅಪರೂಪವೇನಲ್ಲ. ಮೊದಲು ಹೋದವರು ಯಾರು, ಯಾವ ವರ್ಷ, ಆಮೇಲೆ ಯಾರನ್ನು ಕರೆಸಿಕೊಂಡರು ಅಂತ ವಂಶವೃಕ್ಷದ ಹಾಗೆ ಬರೆಯಿರಿ. ಭೂಮಿ ಎಷ್ಟಿದೆ, ಹೊಸ ಮನೆ ಯಾರು ಕಟ್ಟಿದರು, ನಗರದಲ್ಲಿ ಕಲಿತ ತಿಂಡಿಯನ್ನು ಊರಿನ ಸಂತೆಯಲ್ಲಿ ಯಾರಾದರೂ ಮಾರುತ್ತಿದ್ದಾರಾ ಎಂದೂ ನೋಡಿ. ಹೋಗಲಾಗದಿದ್ದರೆ ಊರಿಂದ ಹೊಸದಾಗಿ ಬಂದವರನ್ನು ಮೊದಲ ತಿಂಗಳಲ್ಲೇ ಮಾತಾಡಿಸಿ. ಆರು ತಿಂಗಳು ಕಳೆದ ಮೇಲೆ ಅವರೂ ಬೀದಿಯ ಉಳಿದವರ ಉತ್ತರವನ್ನೇ ಕೊಡತೊಡಗುತ್ತಾರೆ.

ಬರೆದದ್ದನ್ನು ವ್ಯಾಪಾರಿಗಳಿಗೆ ತೋರಿಸಬೇಕಾ? 200 ಪುಟ ಯಾರು ಓದ್ತಾರೆ?

200 ಪುಟ ಬೇಡ, ಒಂದು ಹಾಳೆ ಸಾಕು. ಕನ್ನಡದಲ್ಲಿ ಒಂದು ಬದಿ, ಹಿಂದಿ ಅಥವಾ ಆ ಬೀದಿಯಲ್ಲಿ ಹೆಚ್ಚು ಓದುವ ಭಾಷೆಯಲ್ಲಿ ಇನ್ನೊಂದು ಬದಿ. ನಿಮ್ಮ ಎಣಿಕೆ, ಪಾಲಿಕೆಯ ಎಣಿಕೆ, ಎರಡರ ವ್ಯತ್ಯಾಸ, ಬಾಡಿಗೆ ಗಾಡಿಗಳ ಪ್ರಮಾಣ. ಹೆಸರು, ಜಾಗದ ಗುರುತು ಇಲ್ಲದೆ. ಮುದ್ರಿಸುವ ಮುಂಚೆ ಗಾಡಿಯ ಹತ್ತಿರ ಕೂತು ಓದಿ ಹೇಳಿ, ತೆಗೆಯಿರಿ ಅಂದದ್ದನ್ನು ತೆಗೆಯಿರಿ. ಸಮಿತಿಯಲ್ಲಿರುವ ವ್ಯಾಪಾರಿ ಪ್ರತಿನಿಧಿಗೆ ಮುಂದಿನ ಸಭೆಗೆ ವಾರ ಮೊದಲೇ ಪ್ರತಿ ತಲುಪಿಸಿ. ಸಭೆಯ ದಿನವೇ ಕೊಟ್ಟರೆ ಅದು ಕಡತಕ್ಕೆ ಸೇರುವುದಿಲ್ಲ.